ನಿಂತು ನಿಂತು ಬರುವ ವಿಡಿಯೋ: ಮೊದಲು ಅದು ಎಡವುವ ಲಯ ನೋಡಿ

"ಅಳಿಯ, ಟಿವಿಯಾಗ ವಿಡಿಯೋ ನಿಂತು ನಿಂತು ಬರ್ತೈತಿ. ಅಂಗಡಿಯವ್ರು ಗ್ರಾಫಿಕ್ಸ್ ಕಾರ್ಡ್ ಹಾಕಿಸ್ರಿ ಅಂದಾರ. ಹಾಕಿಸ್ಲೇನು?"

ಬಳ್ಳಾರಿಯ ಕೌಲ್ ಬಜಾರ್‌ನಲ್ಲಿರುವ ನನ್ನ ಸೋದರಮಾವ ಏಪ್ರಿಲ್ ತಿಂಗಳಲ್ಲಿ ಫೋನ್ ಮಾಡಿ ಹೀಗೆ ಕೇಳಿದರು. ಅವರು ಯಾವುದೋ ಆಫೀಸಿನಿಂದ ಬಂದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಂಡು, ಟಿವಿ ಕೆಳಗಿನ ಷೋಕೇಸ್‌ನಲ್ಲಿಟ್ಟು, ಎಚ್‌ಡಿಎಂಐ ಕೇಬಲ್‌ನಿಂದ ಟಿವಿಗೆ ಸೇರಿಸಿದ್ದಾರೆ. ಸಿನಿಮಾ, ಯೂಟ್ಯೂಬ್, ಮೊಬೈಲ್‌ನಲ್ಲಿ ತೆಗೆದ ವಿಡಿಯೋ, ಮನೆಯ ಫೋಟೋ ಎಲ್ಲವೂ ಅದರಲ್ಲೇ. ಹೋಮ್ ಥಿಯೇಟರ್ ಪಿಸಿ ಅನ್ನುತ್ತಾರಲ್ಲ, ಅದೇ ಇದು. ಪ್ರೊಸೆಸರ್ 2013ರ ಕಾಲದ್ದು, ಟಿವಿ ಮಾತ್ರ ಹೊಸದು, 4ಕೆ.

"ಭಾನುವಾರ ಬರ್ತೀನಿ ಮಾವ. ಅಲ್ಲೀತನ ದುಡ್ಡು ಕೊಡಬೇಡ್ರಿ" ಅಂದೆ.

ಭಾನುವಾರ ಹೋಗಿ ಕೂತು, ಯಾವ ವಿಡಿಯೋ ನಿಲ್ಲುತ್ತೆ ಅಂತ ಕೇಳಿದೆ. "ಎಲ್ಲಾನೂ" ಅಂದರು ಮಾವ. ಒಂದೊಂದೇ ಹಾಕಿಸಿ ನೋಡಿದೆ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಮಾವನ ಮಗ ಮೊಬೈಲ್‌ನಲ್ಲಿ ತೆಗೆದ ತೇರಿನ ವಿಡಿಯೋದಲ್ಲಿ ಚಿತ್ರ ಹಾಗೇ ನಿಂತುಬಿಡುತ್ತಿತ್ತು, ಜನರ ಕೂಗು ಮಾತ್ರ ಮುಂದೆ ಹೋಗುತ್ತಿತ್ತು. ಬ್ಲೂ-ರೇ ಡಿಸ್ಕ್‌ನ ಸಿನಿಮಾ ಎಲ್ಲೂ ನಿಲ್ಲುತ್ತಿರಲಿಲ್ಲ. ಆದರೆ ಕ್ಯಾಮೆರಾ ಅಡ್ಡಡ್ಡ ತಿರುಗಿದಾಗ ಚಿತ್ರ ಕುಂಟುತ್ತಿತ್ತು. ಯೂಟ್ಯೂಬ್‌ನಲ್ಲಿ ಆಗಾಗ ಚಕ್ರ ತಿರುಗುತ್ತಿತ್ತು. ಅತ್ತೆ-ಮಾವನ ಮದುವೆ ಡಿವಿಡಿಯಲ್ಲಿ ಯಾರಾದರೂ ಕೈ ಆಡಿಸಿದರೆ ಕೈಯ ಅಂಚು ಬಾಚಣಿಗೆ ಹಲ್ಲಿನ ಹಾಗೆ ಒಡೆದು ಕಾಣುತ್ತಿತ್ತು. ಇದರ ಮೇಲೆ, ಮಧ್ಯಾಹ್ನ ಅರ್ಧ ಗಂಟೆ ಓಡಿದ ಮೇಲೆ ಎಲ್ಲವೂ ಇನ್ನಷ್ಟು ಹದಗೆಡುತ್ತಿತ್ತು.

ಮಾವನಿಗೆ ಇದೆಲ್ಲ ಒಂದೇ ದೂರು: ನಿಂತು ನಿಂತು ಬರುತ್ತೆ. ಆದರೆ ಇಲ್ಲಿ ಐದು ಬೇರೆ ಬೇರೆ ಕಾರಣಗಳಿದ್ದವು. ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದರೆ ಒಂದು, ಹೆಚ್ಚೆಂದರೆ ಎರಡು ಸರಿಹೋಗುತ್ತಿದ್ದವು. ಉಳಿದವು ಹಾಗೇ ಇರುತ್ತಿದ್ದವು. ಅದಕ್ಕೇ ನಾನು ಯಾರಿಗೇ ಆಗಲಿ ಮೊದಲು ಹೇಳುವುದು ಇಷ್ಟೇ: ಯಾವ ಸೆಟ್ಟಿಂಗ್‌ಗೂ ಕೈ ಹಾಕುವ ಮುಂಚೆ ಐದು ನಿಮಿಷ ಸುಮ್ನೆ ಕೂತು ನೋಡಿ. ವಿಡಿಯೋ ಯಾವಾಗ ಎಡವುತ್ತೆ, ಎಷ್ಟು ಹೊತ್ತಿಗೊಮ್ಮೆ ಎಡವುತ್ತೆ, ಆಗ ಧ್ವನಿ ಏನಾಗುತ್ತೆ? ತಪ್ಪು ಎಲ್ಲಿದೆ ಅನ್ನುವುದನ್ನು ಆ ಲಯವೇ ಹೇಳುತ್ತದೆ.

ಒಂದು ಚಿತ್ರ ಪರದೆಗೆ ಬರುವ ದಾರಿ

ಸಂಜೆ ಹೊತ್ತು ಬಳ್ಳಾರಿಯ ಯಾವುದಾದರೂ ಮಿರ್ಚಿ ಬಂಡಿ ಮುಂದೆ ನಿಂತು ನೋಡಿ. ಒಬ್ಬ ಬುಟ್ಟಿಯಿಂದ ಮೆಣಸಿನಕಾಯಿ ತೆಗೆದು ಕೊಡುತ್ತಾನೆ. ಇನ್ನೊಬ್ಬ ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾನೆ. ಮೂರನೆಯವನು ಮಂಡಕ್ಕಿ ಒಗ್ಗರಣೆ ಜೊತೆ ತಟ್ಟೆಗೆ ಹಾಕಿ ಕೊಡುತ್ತಾನೆ. ಗಿರಾಕಿಗೆ ತಟ್ಟೆ ತಡವಾದರೆ ಮೂವರಲ್ಲಿ ಯಾರು ಹಿಂದೆ ಬಿದ್ದರು ಅನ್ನುವುದು ಹೊರಗಿನಿಂದ ಗೊತ್ತಾಗಲ್ಲ.

ವಿಡಿಯೋದಲ್ಲೂ ಮೂರು ಕೆಲಸ ಇವೆ. ಮೊದಲನೆಯದು ಫೈಲನ್ನು ತರುವುದು. ಡಿಸ್ಕ್‌ನಿಂದಲೋ ಇಂಟರ್ನೆಟ್‌ನಿಂದಲೋ. ಎರಡನೆಯದು ಒತ್ತಿ ಚಿಕ್ಕದು ಮಾಡಿಟ್ಟ ಆ ಮಾಹಿತಿಯನ್ನು ಬಿಡಿಸಿ ಪೂರ್ತಿ ಚಿತ್ರ ಮಾಡುವುದು. ಇದಕ್ಕೆ ಡಿಕೋಡ್ ಅನ್ನುತ್ತಾರೆ. ಮೂರನೆಯದು ಸಿದ್ಧವಾದ ಚಿತ್ರವನ್ನು ಸರಿಯಾದ ಗಳಿಗೆಗೆ ಟಿವಿ ಮೇಲೆ ತೋರಿಸುವುದು. ಸಿನಿಮಾ ಅಂದರೆ ಸೆಕೆಂಡಿಗೆ 24 ಚಿತ್ರ. ಒಂದೊಂದು ಚಿತ್ರಕ್ಕೆ ಸಿಗುವ ಸಮಯ ಸುಮಾರು 41.7 ಮಿಲಿಸೆಕೆಂಡ್. ಮೊಬೈಲ್‌ನಲ್ಲಿ ಸೆಕೆಂಡಿಗೆ 60 ಚಿತ್ರದ ಲೆಕ್ಕದಲ್ಲಿ ತೆಗೆದಿದ್ದರೆ 16.7 ಮಿಲಿಸೆಕೆಂಡ್ ಮಾತ್ರ. ಈ ಗಡುವು ಒಂದೇ ಒಂದು ಸಲ ತಪ್ಪಿದರೂ ಕಣ್ಣು ಹಿಡಿದುಬಿಡುತ್ತೆ. ಅದರಲ್ಲೂ ಚಿತ್ರ ಒಂದೇ ಸಮನೆ ಅಡ್ಡಕ್ಕೆ ಸರಿಯುವಾಗ.

ಯಾವ ಪಾಲಿನ ಕೆಲಸ ಹಿಂದೆ ಬಿತ್ತು ಅನ್ನುವುದೇ ನಾವು ಹುಡುಕಬೇಕಾದದ್ದು.

ತೇರಿನ ವಿಡಿಯೋ ಯಾಕೆ ನಿಂತಿತು

ವಿಡಿಯೋ ಫೈಲ್‌ನಲ್ಲಿ ಪ್ರತಿ ಚಿತ್ರವೂ ಪೂರ್ತಿಯಾಗಿ ಇರಲ್ಲ. ಕೆಲವು ಸೆಕೆಂಡಿಗೊಮ್ಮೆ ಒಂದು ಪೂರ್ತಿ ಚಿತ್ರ ಇರುತ್ತೆ. ನಡುವಿನ ಚಿತ್ರಗಳಿಗೆ 'ಹಿಂದಿನದಕ್ಕಿಂತ ಏನು ಬದಲಾಯಿತು' ಅನ್ನುವುದಷ್ಟೇ ಬರೆದಿರುತ್ತೆ. ಒಬ್ಬರು ಕುರ್ಚಿಯಲ್ಲಿ ಕೂತು ಮಾತಾಡುತ್ತಿದ್ದರೆ ಬದಲಾಗುವುದು ತುಟಿ, ಕಣ್ಣು ಮಾತ್ರ. ಅದು ತುಂಬ ಕಡಿಮೆ ಜಾಗದಲ್ಲಿ ಮುಗಿಯುತ್ತೆ. ಆದರೆ ಗವಿಮಠದ ತೇರು ಎಳೆಯುವಾಗ? ಸಾವಿರಾರು ತಲೆಗಳು ಒಂದೇ ಸಲ ಅಲುಗುತ್ತವೆ, ಉತ್ತತ್ತಿ ಹಾರುತ್ತವೆ, ಕೈಗಳು ಮೇಲೇಳುತ್ತವೆ. ಪರದೆಯ ಮೂಲೆ ಮೂಲೆಯೂ ಪ್ರತಿ ಕ್ಷಣ ಬದಲಾಗುತ್ತೆ. ಹಾಗಾಗಿ ಅಲ್ಲಿ ಮಾಹಿತಿಯೂ ಜಾಸ್ತಿ, ಬಿಡಿಸುವ ಕೆಲಸವೂ ಜಾಸ್ತಿ. ಮಳೆ, ಬೆಂಕಿ, ಓಕುಳಿ, ಹೊಡೆದಾಟದ ಧೂಳು ಬಂದಾಗ ಮಾತ್ರ ವಿಡಿಯೋ ನಿಲ್ಲುತ್ತೆ, ಮಾತಿನ ದೃಶ್ಯದಲ್ಲಿ ಚೆನ್ನಾಗಿರುತ್ತೆ ಅಂದರೆ ಅನುಮಾನ ಮೊದಲು ಡಿಕೋಡ್ ಮೇಲೆ ಬರಬೇಕು.

ಈ ಬಿಡಿಸುವ ಕೆಲಸವನ್ನು ಕಂಪ್ಯೂಟರ್ ಎರಡು ರೀತಿ ಮಾಡಬಹುದು. ಒಂದು, ಮುಖ್ಯ ಪ್ರೊಸೆಸರ್ ತಾನೇ ಲೆಕ್ಕ ಹಾಕಿ ಬಿಡಿಸುವುದು. ಇನ್ನೊಂದು, ಗ್ರಾಫಿಕ್ಸ್ ಚಿಪ್‌ನಲ್ಲಿ ಇದಕ್ಕೆಂದೇ ಮಾಡಿಟ್ಟಿರುವ ಒಂದು ಪುಟ್ಟ ಭಾಗಕ್ಕೆ ವಹಿಸುವುದು. ಇವೆರಡರ ವ್ಯತ್ಯಾಸ ಮನೆಯ ಒನಕೆಗೂ ಗಂಗಾವತಿಯ ರೈಸ್ ಮಿಲ್ಲಿಗೂ ಇರುವಷ್ಟು. ಒನಕೆಯಲ್ಲಿ ಯಾವ ಕಾಳನ್ನಾದರೂ ಕುಟ್ಟಬಹುದು, ಆದರೆ ಕೈ ಸೋಲುತ್ತೆ. ಮಿಲ್ಲು ಗಂಟೆಗೆ ಮೂಟೆಗಟ್ಟಲೆ ಮಾಡುತ್ತೆ, ಆದರೆ ಭತ್ತ ಮಾತ್ರ. ಅದರಲ್ಲಿ ಶೇಂಗಾ ಸುರಿದರೆ ಆಗಲ್ಲ.

ವಿಡಿಯೋ ಒತ್ತುವ ವಿಧಾನಗಳೂ ಭತ್ತ, ಶೇಂಗಾ ಇದ್ದ ಹಾಗೆ ಬೇರೆ ಬೇರೆ. 2003ರಲ್ಲಿ ಬಂದ ಎಚ್.264 ಅನ್ನು ಈಗ ಬಳಕೆಯಲ್ಲಿರುವ ಹೆಚ್ಚುಕಡಿಮೆ ಎಲ್ಲ ಚಿಪ್‌ಗಳೂ ಬಿಡಿಸುತ್ತವೆ. 2013ರ ಎಚ್‌ಇವಿಸಿ ಅದರ ಸುಮಾರು ಅರ್ಧ ಜಾಗದಲ್ಲೇ ಅದೇ ಗುಣಮಟ್ಟ ಕೊಡುತ್ತೆ. ಇದಕ್ಕೆ ಎಚ್.265 ಅಂತಲೂ ಹೆಸರಿದೆ. ಯೂಟ್ಯೂಬ್ ಹೆಚ್ಚಾಗಿ ವಿಪಿ9 ಬಳಸುತ್ತೆ. 2018ರಲ್ಲಿ ಬಂದ ಎವಿ1 ಇವೆಲ್ಲಕ್ಕಿಂತ ಹೊಸದು. ಇಂಟೆಲ್ ಚಿಪ್‌ಗಳ ಲೆಕ್ಕ ನೆನಪಿಟ್ಟುಕೊಳ್ಳುವುದು ಸುಲಭ. ಆರನೇ ಜನರೇಷನ್‌ನಲ್ಲಿ ಸಾಮಾನ್ಯ 8-ಬಿಟ್ ಎಚ್‌ಇವಿಸಿ ಬಂತು. ಏಳನೆಯದರಲ್ಲಿ ಬಣ್ಣಗಳನ್ನು ಇನ್ನೂ ಸೂಕ್ಷ್ಮವಾಗಿ ಹಿಡಿಯುವ 10-ಬಿಟ್ ಎಚ್‌ಇವಿಸಿ ಮತ್ತು ವಿಪಿ9 ಸರಿಯಾಗಿ ಬಂದವು. ಎವಿ1 ಬೇಕಾದರೆ ಹನ್ನೊಂದನೆಯದು ಅಥವಾ ಅದಕ್ಕಿಂತ ಹೊಸದು ಇರಬೇಕು. ಎನ್‌ವಿಡಿಯಾದಲ್ಲಿ 10 ಸರಣಿಯ ಕಾರ್ಡ್‌ಗಳು ಎಚ್‌ಇವಿಸಿಗೆ ಸಾಕು, ಎವಿ1ಗೆ 30 ಸರಣಿ ಬೇಕು. ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಳ್ಳುವವರು 'ಐ5 ಇದೆಯಾ' ಅಂತ ಕೇಳುತ್ತಾರೆ. ಟಿವಿಗೆ ಕಟ್ಟುವುದಾದರೆ 'ಎಷ್ಟನೇ ಜನರೇಷನ್' ಅಂತ ಕೇಳುವುದೇ ಮುಖ್ಯ. ಏಳನೇ ಜನರೇಷನ್ನಿನ ಐ3 ಈ ಕೆಲಸಕ್ಕೆ ನಾಲ್ಕನೇ ಜನರೇಷನ್ನಿನ ಐ7ಗಿಂತ ಎಷ್ಟೋ ಮೇಲು.

ಮಾವನ ಮಗನ ಮೊಬೈಲ್ 4ಕೆಯಲ್ಲಿ, ಸೆಕೆಂಡಿಗೆ 60 ಚಿತ್ರದಂತೆ, ಎಚ್‌ಇವಿಸಿಯಲ್ಲಿ ಉಳಿಸಿತ್ತು. ಕಂಪ್ಯೂಟರ್ ಅದನ್ನು ಒನಕೆಯಲ್ಲಿ ಕುಟ್ಟುತ್ತಿತ್ತು.

ನೋಡುವುದು ಹೇಗೆ? ವಿಡಿಯೋ ಓಡುತ್ತಿರುವಾಗಲೇ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ಗೆ ಹೋಗಿ. ಅಲ್ಲಿ ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್, ಒತ್ತಿದರೆ 'ವಿಡಿಯೋ ಡಿಕೋಡ್' ಅನ್ನುವ ಗ್ರಾಫ್ ಇರುತ್ತೆ. ಸಿಪಿಯು, ಅಂದರೆ ಮುಖ್ಯ ಪ್ರೊಸೆಸರ್, ಶೇಕಡಾ 90-100ರ ಹತ್ತಿರ ಇದ್ದು, ವಿಡಿಯೋ ಡಿಕೋಡ್ ಸೊನ್ನೆಯಲ್ಲಿ ಮಲಗಿದ್ದರೆ ಮಿಲ್ಲು ನಿಂತಿದೆ, ಒನಕೆ ಓಡುತ್ತಿದೆ ಅಂತ ಅರ್ಥ. ವಿಎಲ್‌ಸಿ ಅನ್ನುವ ವಿಡಿಯೋ ಪ್ಲೇಯರ್‌ನಲ್ಲಿ ಟೂಲ್ಸ್ ಮೆನುವಿನ ಕೋಡೆಕ್ ಮಾಹಿತಿ ತೆಗೆದರೆ ಯಾವ ವಿಧಾನ ಅಂತ ತೋರಿಸುತ್ತೆ. ಪಕ್ಕದ ಸ್ಟ್ಯಾಟಿಸ್ಟಿಕ್ಸ್ ಪುಟದಲ್ಲಿ ಕಳೆದುಹೋದ ಫ್ರೇಮ್‌ಗಳ, ಅಂದರೆ ಚಿತ್ರಗಳ, ಎಣಿಕೆ ಇರುತ್ತೆ. ಆ ಎಣಿಕೆ ಏರುತ್ತಲೇ ಇದ್ದರೆ ಚಿತ್ರಗಳು ಗಡುವಿಗೆ ಸಿದ್ಧವಾಗುತ್ತಿಲ್ಲ.

ಒಂದು ಮಾತು. ಎಷ್ಟೋ ಸಲ ಚಿಪ್‌ಗೆ ಶಕ್ತಿ ಇರುತ್ತೆ, ಕೆಲಸ ಅದರ ಕೈಗೆ ಹೋಗಿರಲ್ಲ. ವಿಂಡೋಸ್ ಹೊಸದಾಗಿ ಹಾಕಿಸಿದ ಮೇಲೆ ಗ್ರಾಫಿಕ್ಸ್ ಡ್ರೈವರ್ (ವಿಂಡೋಸ್ ಆ ಚಿಪ್‌ನಿಂದ ಕೆಲಸ ಮಾಡಿಸಲು ಬೇಕಾದ ಸಾಫ್ಟ್‌ವೇರ್) ಹಾಕುವುದು ಬಿಟ್ಟುಹೋದರೆ ಹೀಗಾಗುತ್ತೆ. ಡಿವೈಸ್ ಮ್ಯಾನೇಜರ್‌ನ ಡಿಸ್‌ಪ್ಲೇ ಅಡಾಪ್ಟರ್ಸ್ ಕೆಳಗೆ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಅಂತಿದ್ದರೆ ಬೇರೇನೂ ನೋಡಬೇಡಿ, ಡ್ರೈವರ್ ಹಾಕಿ. ವಿಎಲ್‌ಸಿಯ ಪ್ರಿಫರೆನ್ಸಸ್‌ನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ 'ಆಟೋಮ್ಯಾಟಿಕ್' ಇರಲಿ. ಕ್ರೋಮ್ ಬ್ರೌಸರ್‌ನ ಸಿಸ್ಟಮ್ ಸೆಟ್ಟಿಂಗ್‌ನಲ್ಲಿ ಗ್ರಾಫಿಕ್ಸ್ ಆಕ್ಸಲರೇಷನ್ ಆನ್ ಇರಲಿ. ಇವು ಮೂರೂ ದುಡ್ಡಿಲ್ಲದ ಔಷಧಿ.

ಮಾವನ ಕಂಪ್ಯೂಟರ್‌ನಲ್ಲಿ ಡ್ರೈವರ್ ಸರಿಯಾಗೇ ಇತ್ತು. ಚಿಪ್‌ಗೇ ಎಚ್‌ಇವಿಸಿ ಬರುತ್ತಿರಲಿಲ್ಲ. ಇಲ್ಲಿ ಕಾರ್ಡ್ ಹಾಕಿಸಿದರೆ ನಿಜಕ್ಕೂ ಉಪಯೋಗ ಆಗುತ್ತಿತ್ತು. ಆದರೆ ಮನೆಯಲ್ಲಿ ಇಂಥ ವಿಡಿಯೋ ಇದ್ದದ್ದು ಹನ್ನೊಂದೇ ಹನ್ನೊಂದು. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ, ಅವನ್ನೆಲ್ಲ 1080ಪಿ (4ಕೆಗಿಂತ ಚಿಕ್ಕ ಗಾತ್ರದ ಚಿತ್ರ) ಎಚ್.264ಗೆ ಬದಲಾಯಿಸಲು ರಾತ್ರಿ ಬಿಟ್ಟು ಮಲಗಿದೆವು. ಬೆಳಗ್ಗೆ ಪ್ರತಿಗಳು ಸಿದ್ಧ ಇದ್ದವು. ಮೂಲ ಫೈಲ್‌ಗಳನ್ನು ಮಾತ್ರ ಅಳಿಸಬೇಡಿ. ಮುಂದೆ ಒಳ್ಳೆ ಕಂಪ್ಯೂಟರ್ ಬಂದಾಗ ಅವೇ ಬೇಕಾಗುತ್ತವೆ. ಇನ್ನು ಮುಂದೆ ಮೊಬೈಲ್ ಕ್ಯಾಮೆರಾ ಸೆಟ್ಟಿಂಗ್‌ನಲ್ಲೇ ಎಚ್.264 ಆರಿಸಿಕೊಳ್ಳಬಹುದು. ಜಾಗ ಜಾಸ್ತಿ ತಿನ್ನುತ್ತೆ, ಆದರೆ ಎಲ್ಲ ಕಡೆ ಓಡುತ್ತೆ. ಹತ್ತಾರು ಎಚ್‌ಇವಿಸಿ ಫೈಲ್ ದಿನಾ ನೋಡುವ ಮನೆಯಾದರೆ ನನ್ನ ಸಲಹೆ ಬೇರೆ. ಆಗ ಕಾರ್ಡೋ ಹೊಸ ಜನರೇಷನ್ನಿನ ಕಂಪ್ಯೂಟರೋ ಕೊಳ್ಳುವುದೇ ಸರಿ.

ಚಕ್ರ ತಿರುಗಿದರೆ, ಅಥವಾ ಅದೇ ಜಾಗದಲ್ಲಿ ನಿಂತರೆ

ಯೂಟ್ಯೂಬ್ ವಿಡಿಯೋ ಮೇಲೆ ಮೌಸ್‌ನ ಬಲಗುಂಡಿ ಒತ್ತಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಆರಿಸಿ. ಚಿಕ್ಕ ಕಪ್ಪು ಪಟ್ಟಿ ಬರುತ್ತೆ. ಅದರಲ್ಲಿ ಎರಡೇ ಸಾಲು ನೋಡಿ. 'ಬಫರ್ ಹೆಲ್ತ್' ಅಂದರೆ ಮುಂದಿನ ಎಷ್ಟು ಸೆಕೆಂಡಿನ ವಿಡಿಯೋ ಈಗಾಗಲೇ ಬಂದು ಕೂತಿದೆ ಅನ್ನುವುದು. 'ಡ್ರಾಪ್ಡ್' ಅಂದರೆ ಬಿಟ್ಟುಹೋದ ಚಿತ್ರಗಳು. ಬಫರ್ ಸೊನ್ನೆಗೆ ಇಳಿದರೆ ಇಂಟರ್ನೆಟ್ ಸಾಲುತ್ತಿಲ್ಲ. ಬಫರ್ 20-30 ಸೆಕೆಂಡ್ ಇದ್ದೂ ಡ್ರಾಪ್ಡ್ ಏರುತ್ತಿದ್ದರೆ ಇಂಟರ್ನೆಟ್ ಚೆನ್ನಾಗಿದೆ, ಬಿಡಿಸುವ ಕೆಲಸ ಹಿಂದೆ ಬಿದ್ದಿದೆ. ಎರಡನೆಯದಾದರೆ ಪ್ಲಾನ್ ದೊಡ್ಡದು ಮಾಡಿಸಿ ಪ್ರಯೋಜನವಿಲ್ಲ. ಗುಣಮಟ್ಟವನ್ನು 1080ಪಿಗೋ 720ಪಿಗೋ ಇಳಿಸಿ, ಅಥವಾ ಯೂಟ್ಯೂಬ್‌ಗೆ ಎಚ್.264 ಮಾತ್ರ ಕಳಿಸು ಅಂತ ಹೇಳುವ ಬ್ರೌಸರ್ ಎಕ್ಸ್‌ಟೆನ್ಷನ್ ಹಾಕಿ.

ಮಾವನ ಮನೆಯಲ್ಲಿ ಬಫರೇ ಖಾಲಿಯಾಗುತ್ತಿತ್ತು. ರೂಟರ್ ಮುಂದಿನ ಕೋಣೆಯಲ್ಲಿತ್ತು, ನಡುವೆ ಹಳೇ ಕಾಲದ ದಪ್ಪ ಕಲ್ಲಿನ ಗೋಡೆ. 5 ಗಿಗಾಹರ್ಟ್ಸ್ ವೈಫೈ ವೇಗವಾಗಿರುತ್ತೆ, ಆದರೆ ಇಂಥ ಗೋಡೆ ದಾಟುವಷ್ಟರಲ್ಲಿ ಸೋತುಹೋಗುತ್ತೆ. 2.4 ದಾಟುತ್ತೆ, ಆದರೆ ನಿಧಾನ. ಮೇಲಾಗಿ ಅಕ್ಕಪಕ್ಕದ ಮನೆಯವರೆಲ್ಲ ಅದೇ ದಾರಿಯಲ್ಲಿರುತ್ತಾರೆ. ರೂಟರ್ ಪಕ್ಕ ನಿಂತು ಮೊಬೈಲ್‌ನಲ್ಲಿ ವೇಗ ಅಳೆದು 'ನೆಟ್ ಚೆನ್ನಾಗೈತಿ' ಅಂದರೆ ಅದು ಆ ಕೋಣೆಯ ಲೆಕ್ಕ ಅಷ್ಟೇ. ಅಳೆಯಬೇಕಾದದ್ದು ಟಿವಿ ಕೆಳಗಿನ ಕಂಪ್ಯೂಟರ್‌ನಲ್ಲೇ. ಗೋಡೆ ಅಂಚಿನಲ್ಲಿ ಒಂದು ಲ್ಯಾನ್ ಕೇಬಲ್ ಎಳೆಸಿದೆವು. ಒಂದು ಜಾಗದಲ್ಲಿ ಕೂತಿರುವ ಕಂಪ್ಯೂಟರ್‌ಗೆ ಕೇಬಲ್‌ಗಿಂತ ಒಳ್ಳೆಯದು ನನ್ನ ಪ್ರಕಾರ ಯಾವುದೂ ಇಲ್ಲ.

ಡಿಸ್ಕ್‌ನಲ್ಲಿರುವ ಫೈಲ್‌ಗೆ ಎಷ್ಟು ವೇಗ ಬೇಕು ಅನ್ನುವುದನ್ನು ನೀವೇ ಲೆಕ್ಕ ಹಾಕಬಹುದು. ಫೈಲ್‌ನ ಗಾತ್ರವನ್ನು ಜಿಬಿಯಲ್ಲಿ ತಗೊಂಡು 8,000ದಿಂದ ಗುಣಿಸಿ, ಸಿನಿಮಾ ಎಷ್ಟು ಸೆಕೆಂಡ್ ಇದೆಯೋ ಅದರಿಂದ ಭಾಗಿಸಿ. ಎರಡೂವರೆ ಗಂಟೆಯ 9 ಜಿಬಿ ಸಿನಿಮಾ ಅಂದರೆ 72,000 ಭಾಗಿಸು 9,000. ಅಂದರೆ ಸರಾಸರಿ 8 ಎಂಬಿಪಿಎಸ್, ಸೆಕೆಂಡಿಗೆ 8 ಮೆಗಾಬಿಟ್. ಇದು ಯಾವ ಹಳೇ ಯುಎಸ್‌ಬಿ ಡಿಸ್ಕ್‌ಗೂ ಆಟದ ಮಾತು. ಎರಡು ಗಂಟೆಯ 60 ಜಿಬಿ ಫೈಲ್ ಆದರೆ ಸುಮಾರು 67 ಎಂಬಿಪಿಎಸ್. ಗಲಾಟೆಯ ದೃಶ್ಯಗಳಲ್ಲಿ ಅದು ಇನ್ನೂ ಮೇಲೆ ಹೋಗುತ್ತೆ. ಡಿಸ್ಕ್‌ಗೆ ಅದೂ ಕಷ್ಟವಲ್ಲ. ಆದರೆ ಗೋಡೆಯಾಚೆಯ ವೈಫೈಗೆ ಕಷ್ಟ.

ಹಾಗಾದರೆ ಡಿಸ್ಕ್‌ನಿಂದ ಬರುವ ವಿಡಿಯೋ ನಿಲ್ಲುವುದೇ ಇಲ್ಲವಾ? ನಿಲ್ಲುತ್ತೆ, ಡಿಸ್ಕ್ ಹಾಳಾಗುತ್ತಿದ್ದರೆ. ಅದರ ಗುರುತು ಸ್ಪಷ್ಟ: ಎಷ್ಟು ಸಲ ಹಾಕಿದರೂ ಅದೇ ನಿಮಿಷ, ಅದೇ ಸೆಕೆಂಡಿನಲ್ಲಿ ನಿಲ್ಲುತ್ತೆ. ಆ ಫೈಲನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿ ನೋಡಿ. ಕಾಪಿಯೂ ನಡುವೆ ಒದ್ದಾಡಿದರೆ ಡಿಸ್ಕ್‌ನದೇ ತಪ್ಪು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಡಿಸ್ಕ್‌ನ ಆರೋಗ್ಯ ಹೇಳುತ್ತೆ. ಅದರಲ್ಲಿ ಹಳದಿ ಬಣ್ಣದ ಎಚ್ಚರಿಕೆ ಕಂಡರೆ ವಿಡಿಯೋ ವಿಷಯ ಆಮೇಲೆ, ಮೊದಲು ಮನೆಯ ಫೋಟೋಗಳನ್ನು ಬೇರೆ ಕಡೆ ಕಾಪಿ ಮಾಡಿ. ಕಾಪಿ ಚೆನ್ನಾಗೇ ಆಗಿ, ಆ ಪ್ರತಿಯೂ ಅಲ್ಲೇ ನಿಂತರೆ ಫೈಲೇ ಹಾಳಾಗಿದೆ.

ನಮ್ಮ ಬಿಸಿಲು, ನಮ್ಮ ಧೂಳು

ಬಳ್ಳಾರಿ, ರಾಯಚೂರು, ಕೊಪ್ಪಳದ ಬೇಸಿಗೆ ಯಾರಿಗೂ ಹೇಳಿಕೊಡಬೇಕಿಲ್ಲ. ಏಪ್ರಿಲ್-ಮೇನಲ್ಲಿ ಹೊರಗೆ 40 ಡಿಗ್ರಿ ದಾಟುತ್ತೆ. ಮುಚ್ಚಿದ ಷೋಕೇಸ್ ಒಳಗೆ, ಟಿವಿ ಬಿಸಿಯೂ ಸೇರಿ, ಇನ್ನೂ ಜಾಸ್ತಿ. ಕಂಪ್ಯೂಟರ್ ಫ್ಯಾನ್ ತಣ್ಣನೆ ಗಾಳಿಯನ್ನು ತಾನು ಹುಟ್ಟಿಸಲ್ಲ. ಸುತ್ತ ಇರುವ ಗಾಳಿಯನ್ನೇ ಊದುತ್ತೆ. ಸುತ್ತ 45 ಡಿಗ್ರಿ ಇದ್ದರೆ ಪ್ರೊಸೆಸರ್‌ಗೆ ಸಿಗುವುದೂ ಅದೇ.

ಪ್ರೊಸೆಸರ್ ಒಳಗೆ ಬಿಸಿಯ ಮಿತಿ ಇರುತ್ತೆ, ಎಷ್ಟೋ ಚಿಪ್‌ಗಳಲ್ಲಿ 100 ಡಿಗ್ರಿಯ ಆಸುಪಾಸು. ಅದಕ್ಕೆ ಹತ್ತಿರ ಬಂದಾಗ ಸುಟ್ಟುಹೋಗದ ಹಾಗೆ ಅದು ತಾನೇ ವೇಗ ಇಳಿಸಿಕೊಳ್ಳುತ್ತೆ. ಬೆಳಗ್ಗೆ ಚೆನ್ನಾಗಿದ್ದ ವಿಡಿಯೋ ಮಧ್ಯಾಹ್ನ ಅರ್ಧ ಗಂಟೆ ಆದ ಮೇಲೆ ಎಡವಲು ಶುರುಮಾಡಿ, ಆಮೇಲೆ ಬಿಡದೆ ಎಡವುತ್ತಿದ್ದರೆ ಕಾರಣ ಇದೇ. ಎಚ್‌ಡಬ್ಲ್ಯುಇನ್ಫೋ ಥರದ ಸಾಫ್ಟ್‌ವೇರ್‌ನಲ್ಲಿ ಬಿಸಿ ಎಷ್ಟಿದೆ, ವೇಗ ಇಳಿದಿದೆಯಾ ಎರಡೂ ಕಾಣುತ್ತೆ. ಸಾಫ್ಟ್‌ವೇರ್ ಬೇಡ ಅಂದರೆ, ಕಂಪ್ಯೂಟರನ್ನು ಷೋಕೇಸ್‌ನಿಂದ ಹೊರಗೆ ತೆಗೆದು, ಟೇಬಲ್ ಫ್ಯಾನ್ ಎದುರಿಗಿಟ್ಟು ಅದೇ ಸಿನಿಮಾ ಹಾಕಿ. ಸರಿಹೋಯಿತಾ? ಹಾಗಾದರೆ ಬಿಸಿಯೇ.

ಮಾವನ ಕಂಪ್ಯೂಟರ್ ಬಿಚ್ಚಿದಾಗ ಪ್ರೊಸೆಸರ್‌ನ ಬಿಸಿ ಹೊರಹಾಕುವ ಹೀಟ್‌ಸಿಂಕ್‌ನ ತಗಡುಗಳ ನಡುವೆ ಕೆಂಪು ಮಣ್ಣು ಪದರವಾಗಿ ಕೂತಿತ್ತು. ಸಂಡೂರಿನ ಅದಿರು ಸೀಮೆಯ ಧೂಳು ನಮ್ಮೂರಿನ ಗಾಳಿಯಲ್ಲೇ ಇದೆ. ಅಡುಗೆಮನೆಯ ಒಗ್ಗರಣೆ ಹೊಗೆಯ ಜಿಡ್ಡು ಸೇರಿದರೆ ಅದು ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಕರೆಂಟ್ ತೆಗೆದು, ಫ್ಯಾನ್ ರೆಕ್ಕೆ ತಿರುಗದ ಹಾಗೆ ಬೆರಳಿನಿಂದ ಹಿಡಿದು, ಮೆತ್ತನೆ ಬ್ರಷ್ ಮತ್ತು ಬ್ಲೋವರ್‌ನಿಂದ ತೆಗೆಯಬೇಕು. ನೀರು ಬಟ್ಟೆ ಬೇಡ. ಹತ್ತು ವರ್ಷದ ಕಂಪ್ಯೂಟರ್ ಆದ್ದರಿಂದ ಪ್ರೊಸೆಸರ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಕೂಡ ಒಣಗಿತ್ತು, ಅದನ್ನೂ ಹೊಸದಾಗಿ ಹಚ್ಚಿದೆವು. ಷೋಕೇಸ್‌ನ ಹಿಂದಿನ ಹಲಗೆ ತೆಗೆಸಿದೆವು. ನಮ್ಮ ಮೂರೂ ಜಿಲ್ಲೆಗಳಲ್ಲಿ ಕಂಪ್ಯೂಟರ್ ಇಟ್ಟುಕೊಂಡವರು ಯುಗಾದಿ ಮನೆ ಸ್ವಚ್ಛ ಮಾಡುವಾಗ ಇದನ್ನೂ ಸೇರಿಸಿಕೊಳ್ಳಬೇಕು ಅನ್ನುವುದು ನನ್ನ ಆಸೆ. ಬೇಸಿಗೆ ಶುರುವಾಗುವುದೇ ಆಗ, ಅಲ್ವಾ?

ಟಿವಿಗೆ ಲ್ಯಾಪ್‌ಟಾಪ್ ಕಟ್ಟಿದವರು ಚಾರ್ಜರ್ ಹಾಕಿಯೇ ಓಡಿಸಿ. ಬ್ಯಾಟರಿಯಲ್ಲಿದ್ದಾಗ ಪವರ್ ಸೇವರ್ ಬಂದು ವೇಗ ಇಳಿಯುತ್ತೆ.

ಸೆಕೆಂಡಿಗೆ ಆರು ಸಲ ಎಡವಿದ ಸಿನಿಮಾ

ಇದು ಹೆಚ್ಚಿನವರು ಗುರುತಿಸದ ಕಾರಣ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದೂ ಇದೇ. ಯಾಕಂದರೆ ಇಲ್ಲಿ ಯಾವುದೂ ಕೆಟ್ಟಿರಲ್ಲ. ಡಿಸ್ಕ್ ಸರಿ, ಡಿಕೋಡ್ ಸರಿ, ಬಿಸಿ ಇಲ್ಲ, ಕಳೆದ ಫ್ರೇಮ್ ಸೊನ್ನೆ. ಆದರೂ ಚಿತ್ರ ಕುಂಟುತ್ತೆ.

ಟಿವಿ ತನ್ನ ಪರದೆಯನ್ನು ಒಂದು ನಿಗದಿಯಾದ ತಾಳದಲ್ಲಿ ಹೊಸದು ಮಾಡುತ್ತಿರುತ್ತೆ. ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ, ಅಂದರೆ 60 ಹರ್ಟ್ಸ್. ಸಿನಿಮಾ ಸೆಕೆಂಡಿಗೆ 24 ಚಿತ್ರ. 60ನ್ನು 24ರಿಂದ ಭಾಗಿಸಿದರೆ ಎರಡೂವರೆ. ಒಂದು ಚಿತ್ರವನ್ನು ಎರಡೂವರೆ ಸಲ ತೋರಿಸಲು ಬರಲ್ಲ. ಹಾಗಾಗಿ ಒಂದನ್ನು ಮೂರು ಸಲ, ಮುಂದಿನದನ್ನು ಎರಡು ಸಲ, ಮತ್ತೆ ಮೂರು, ಮತ್ತೆ ಎರಡು. ಒಂದು ಚಿತ್ರ 50 ಮಿಲಿಸೆಕೆಂಡ್ ಪರದೆ ಮೇಲಿದ್ದರೆ ಮುಂದಿನದು 33 ಮಾತ್ರ. ಉದ್ದ ಹೆಜ್ಜೆ, ಗಿಡ್ಡ ಹೆಜ್ಜೆ. ಮಾತಾಡುವ ದೃಶ್ಯದಲ್ಲಿ ಗೊತ್ತಾಗಲ್ಲ. ಕ್ಯಾಮೆರಾ ಹಂಪಿಯ ಕಲ್ಲುಬಂಡೆಗಳ ಮೇಲೆ ನಿಧಾನಕ್ಕೆ ಸರಿಯುವಾಗ, ಕೊನೆಯಲ್ಲಿ ಹೆಸರುಗಳು ಮೇಲಕ್ಕೆ ಹೋಗುವಾಗ ಗೊತ್ತಾಗುತ್ತೆ.

ಮಾವನ ಮನೆಯಲ್ಲಿ ಇನ್ನೂ ಕೆಟ್ಟದಾಗಿತ್ತು. ಹಳೇ ಕಂಪ್ಯೂಟರ್‌ನ ಎಚ್‌ಡಿಎಂಐ 1.4 ಕಿಂಡಿ 4ಕೆ ಚಿತ್ರವನ್ನು ಸೆಕೆಂಡಿಗೆ 30ಕ್ಕಿಂತ ಹೆಚ್ಚು ಕಳಿಸಲಾರದು. ಹೊಸ 4ಕೆ ಟಿವಿ ಸಿಕ್ಕಿದ ಕೂಡಲೇ ವಿಂಡೋಸ್ ತಾನಾಗೇ 4ಕೆ, 30 ಹರ್ಟ್ಸ್‌ಗೆ ಹೋಗಿ ಕೂತಿತ್ತು. ಈಗ ಲೆಕ್ಕ ನೋಡಿ. 24 ಚಿತ್ರವನ್ನು 30 ಜಾಗದಲ್ಲಿ ತುಂಬಬೇಕು. ಆರು ಚಿತ್ರಗಳು ಎರಡೆರಡು ಸಲ ಬರಲೇಬೇಕು. ಪ್ರತಿ ನಾಲ್ಕನೇ ಹೆಜ್ಜೆಗೊಮ್ಮೆ ಎಡವು, ಸೆಕೆಂಡಿಗೆ ಆರು ಸಲ. ಮೌಸ್ ಬಾಣವನ್ನು ಆಡಿಸಿದರೆ ಅದೂ ಕುಪ್ಪಳಿಸಿಕೊಂಡು ಹೋಗುತ್ತಿತ್ತು. ಇದು ಒಳ್ಳೇ ಗುರುತು. ಬಾಣವೇ ನುಣುಪಾಗಿ ಸರಿಯದಿದ್ದರೆ ಟಿವಿ 30 ಹರ್ಟ್ಸ್‌ನಲ್ಲಿರಬಹುದು.

ಪರಿಹಾರ ಒಂದು ನಿಮಿಷದ ಕೆಲಸ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಅದರೊಳಗೆ ಅಡ್ವಾನ್ಸ್ಡ್ ಡಿಸ್‌ಪ್ಲೇ. ಅಲ್ಲಿ ರಿಫ್ರೆಶ್ ರೇಟ್ ಇರುತ್ತೆ. ಮೊದಲು 4ಕೆ ಬಿಟ್ಟು 1920x1080ಕ್ಕೆ, ಅಂದರೆ 1080ಪಿಗೆ, ಇಳಿಸಿದೆವು. ಬ್ಲೂ-ರೇ ಸಿನಿಮಾ ಇರುವುದೇ ಅಷ್ಟು, ಅದನ್ನು 4ಕೆಗೆ ಹಿಗ್ಗಿಸುವ ಕೆಲಸ ಟಿವಿ ತಾನೇ ಚೆನ್ನಾಗಿ ಮಾಡುತ್ತೆ. ಮಾಮೂಲಿ ಕೆಲಸಕ್ಕೆ 60 ಹರ್ಟ್ಸ್. ಸಿನಿಮಾ ನೋಡುವಾಗ 24.

ಪ್ರತಿ ಸಲ ಕೈಯಲ್ಲಿ ಬದಲಾಯಿಸುವುದು ಮಾವನಂಥವರಿಗೆ ಆಗದ ಕೆಲಸ. ಅದಕ್ಕೆ ಕೋಡಿ ಅನ್ನುವ ಉಚಿತ ಪ್ಲೇಯರ್ ಹಾಕಿದೆ. ಅದರ ಪ್ಲೇಯರ್ ಸೆಟ್ಟಿಂಗ್‌ನಲ್ಲಿ 'ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್' ಅಂತಿದೆ. ಅದನ್ನು 'ಆನ್ ಸ್ಟಾರ್ಟ್/ಸ್ಟಾಪ್'ಗೆ ಇಟ್ಟರೆ ವಿಡಿಯೋ ಶುರುವಾದಾಗ ಟಿವಿಯ ತಾಳವನ್ನು ಅದಕ್ಕೆ ಹೊಂದಿಸುತ್ತೆ, ಮುಗಿದಾಗ ವಾಪಸ್ ತರುತ್ತೆ. ಶುರುವಿನಲ್ಲಿ ಪರದೆ ಒಂದೆರಡು ಸೆಕೆಂಡ್ ಕಪ್ಪಾಗುತ್ತೆ. ಹೆದರಬೇಡಿ, ಅದು ತಾಳ ಬದಲಾಗುವ ಹೊತ್ತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಸಾಕಷ್ಟು ಡಿಸ್ಕ್‌ಗಳಲ್ಲಿ ಸಿನಿಮಾ ಸರಿಯಾಗಿ 24 ಇರಲ್ಲ, 23.976 ಇರುತ್ತೆ. ಟಿವಿ ನಿಖರವಾಗಿ 24ರಲ್ಲಿ ಓಡಿದರೆ ವ್ಯತ್ಯಾಸ ಸೆಕೆಂಡಿಗೆ 0.024 ಚಿತ್ರ. ಕೂಡುತ್ತಾ ಹೋಗಿ ಸುಮಾರು 41.7 ಸೆಕೆಂಡಿಗೆ ಒಂದು ಪೂರ್ತಿ ಚಿತ್ರ ಆಗುತ್ತೆ. ಆಗ ಒಂದೇ ಒಂದು ಎಡವು. ಆಮೇಲೆ ಮತ್ತೆ 41 ಸೆಕೆಂಡ್ ನುಣುಪು. ಗಡಿಯಾರ ಹಿಡಿದು ನೋಡಿದಾಗ ಮುಕ್ಕಾಲು ನಿಮಿಷಕ್ಕೆ ಸ್ವಲ್ಪ ಕಡಿಮೆ ಹೊತ್ತಿಗೊಮ್ಮೆ ಹೀಗೆ ಆಗುತ್ತಿದ್ದರೆ, 24ರ ಬದಲು 23.976 ಆರಿಸಿ. ಕೆಲವು ವಿಂಡೋಸ್‌ಗಳಲ್ಲಿ ಅದು ಬರೀ 23 ಅಂತ ಕಾಣುತ್ತೆ. ಹಾಗೆಯೇ 59 ಅಂದರೆ 59.94.

ಅಷ್ಟಾದರೂ ಅಪರೂಪಕ್ಕೊಂದು ಎಡವು ಉಳಿದರೆ ಧ್ವನಿಯ ಕಡೆ ನೋಡಬೇಕು. ಪ್ಲೇಯರ್‌ಗಳು ಸಾಮಾನ್ಯವಾಗಿ ಧ್ವನಿಯ ಗಡಿಯಾರವನ್ನು ಯಜಮಾನ ಅಂತ ಇಟ್ಟುಕೊಳ್ಳುತ್ತವೆ. ಧ್ವನಿ ತುಂಡಾದರೆ ಕಿವಿಗೆ ತಕ್ಷಣ ಚುಚ್ಚುತ್ತೆ, ಅದಕ್ಕೆ. ಚಿತ್ರ ಅದರ ಹಿಂದೆ ಓಡುತ್ತಾ, ಎರಡೂ ಗಡಿಯಾರಗಳ ಸಣ್ಣ ವ್ಯತ್ಯಾಸ ಸರಿದೂಗಿಸಲು ಆಗಾಗ ಒಂದು ಚಿತ್ರ ಬಿಡುತ್ತೆ, ಇಲ್ಲ ಎರಡು ಸಲ ತೋರಿಸುತ್ತೆ. ಕೋಡಿಯ 'ಸಿಂಕ್ ಪ್ಲೇಬ್ಯಾಕ್ ಟು ಡಿಸ್‌ಪ್ಲೇ' ಇದನ್ನು ತಿರುಗಿಸುತ್ತೆ. ಟಿವಿಯ ತಾಳ ಯಜಮಾನ ಆಗುತ್ತೆ, ಧ್ವನಿಯೇ ಕೂದಲೆಳೆಯಷ್ಟು ವೇಗ ಬದಲಿಸಿಕೊಳ್ಳುತ್ತೆ. 23.976ಕ್ಕೂ 24ಕ್ಕೂ ವ್ಯತ್ಯಾಸ ಸಾವಿರಕ್ಕೆ ಒಂದು ಪಾಲು. ಹಾಡಿನ ಶ್ರುತಿಯಲ್ಲಿ ಯಾರ ಕಿವಿಗೂ ಅದು ಸಿಗಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಕ್ಯಾಮೆರಾ ಜೋರಾಗಿ ತಿರುಗಿದಾಗ ಸ್ವಲ್ಪ ಅದುರು ಇರುತ್ತೆ. ಅದು ಸೆಕೆಂಡಿಗೆ 24 ಚಿತ್ರದ ಸ್ವಭಾವ, ಥಿಯೇಟರ್‌ನಲ್ಲೂ ಇರುತ್ತೆ. ಟಿವಿಯಲ್ಲಿ ಇದನ್ನು ತೇಯ್ದು ನುಣುಪು ಮಾಡುವ ಮೋಷನ್ ಸೆಟ್ಟಿಂಗ್ ಇದೆ. ಇಲ್ಲದ ಚಿತ್ರಗಳನ್ನು ಊಹಿಸಿ ನಡುವೆ ತುಂಬುತ್ತೆ. ಅದು ಹಾಕಿದರೆ ಸಿನಿಮಾ ಸೀರಿಯಲ್ ಥರ ಕಾಣುತ್ತೆ. ನಾನು ಆಫ್ ಮಾಡಿಯೇ ಇಡುತ್ತೇನೆ. ಮಾವನಿಗೆ ಕ್ರಿಕೆಟ್‌ಗೆ ಅದು ಇಷ್ಟ, ಹಾಗಾಗಿ ಕ್ರಿಕೆಟ್‌ಗೆ ಮಾತ್ರ ಬಿಟ್ಟಿದ್ದೇವೆ.

ಮದುವೆ ಡಿವಿಡಿ

ಕೊನೆಗೆ ಉಳಿದದ್ದು ಅತ್ತೆಯ ಪಾಲಿನದು. 1998ರ ಮದುವೆ, ಕ್ಯಾಸೆಟ್‌ನಿಂದ ಡಿವಿಡಿಗೆ ಹಾಕಿಸಿದ್ದು. "ನಮ್ಮದೇನೂ ಸರಿಹೋಗಲ್ಲ ಬಿಡು, ಹಳೇದು" ಅಂದರು ಅತ್ತೆ.

ಹಳೇದು ಅನ್ನುವುದು ಕಾರಣ ಅಲ್ಲ. ಆ ಕಾಲದ ಟಿವಿ ಪದ್ಧತಿ ನಮ್ಮಲ್ಲಿ ಪಾಲ್. ಸೆಕೆಂಡಿಗೆ 25 ಚಿತ್ರ, ಒಂದೊಂದರಲ್ಲಿ 576 ಗೆರೆ. ಆದರೆ ಕ್ಯಾಮೆರಾ ಆ ಗೆರೆಗಳನ್ನು ಒಟ್ಟಿಗೆ ಹಿಡಿಯುತ್ತಿರಲಿಲ್ಲ. ಮೊದಲು ಒಂದು ಬಿಟ್ಟು ಒಂದು ಗೆರೆ, ಸೆಕೆಂಡಿನ ಐವತ್ತನೇ ಒಂದು ಪಾಲು ಕಳೆದ ಮೇಲೆ ಉಳಿದ ಗೆರೆಗಳು. ಹಳೇ ಡಬ್ಬಾ ಟಿವಿ ಅದೇ ಕ್ರಮದಲ್ಲಿ ಗೆರೆ ಎಳೆಯುತ್ತಿತ್ತು, ಹಾಗಾಗಿ ಚೆನ್ನಾಗಿ ಕಾಣುತ್ತಿತ್ತು. ಇಂದಿನ ಪರದೆ ಎಲ್ಲ ಗೆರೆಗಳನ್ನೂ ಒಟ್ಟಿಗೆ ತೋರಿಸುತ್ತೆ. ಎರಡು ಬೇರೆ ಗಳಿಗೆಯ ಗೆರೆಗಳು ಹೆಣೆದುಕೊಂಡಾಗ, ಅಲುಗಿದ ಕೈ ಎರಡು ಜಾಗದಲ್ಲಿ ಕಂಡು ಬಾಚಣಿಗೆ ಹಲ್ಲು ಮೂಡುತ್ತೆ.

ಇದನ್ನು ಬಿಡಿಸುವುದಕ್ಕೆ ಡಿಇಂಟರ್‌ಲೇಸ್ ಅನ್ನುತ್ತಾರೆ. ವಿಎಲ್‌ಸಿಯ ವಿಡಿಯೋ ಮೆನುವಿನಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿ, ಅದರ ಮೋಡ್‌ನಲ್ಲಿ 'ಯಾಡಿಫ್ 2ಎಕ್ಸ್' ಆರಿಸಿದರೆ ಆ ಎರಡೂ ಗಳಿಗೆಗಳನ್ನು ಬೇರೆ ಬೇರೆ ಚಿತ್ರ ಮಾಡಿ ಸೆಕೆಂಡಿಗೆ 50 ಕೊಡುತ್ತೆ. ಟಿವಿಯನ್ನು 50 ಹರ್ಟ್ಸ್‌ಗೆ ಇಡಬೇಕು. 60ರಲ್ಲೇ ಬಿಟ್ಟರೆ ಹಲ್ಲು ಹೋಗುತ್ತೆ, ಕುಂಟು ಬರುತ್ತೆ.

ಎರಡೂ ಮಾಡಿ ಡಿವಿಡಿಯನ್ನು ಮೊದಲಿಂದ ಹಾಕಿದೆ. ಮಾಂಗಲ್ಯಧಾರಣೆ ಬಂತು. ಸುತ್ತ ನಿಂತವರೆಲ್ಲ ಒಟ್ಟಿಗೆ ಕೈ ಎತ್ತಿದರು.

"ಅಕ್ಕಿಕಾಳು ಬೀಳೋದು ಕಾಣ್ತೈತಿ ನೋಡ್ರಿ" ಅಂದರು ಅತ್ತೆ, ಮಾವನ ಕಡೆ ತಿರುಗಿ. "ಅಕಾ, ನಮ್ಮಪ್ಪ ಅಲ್ಲೇ ನಿಂತಾನ."